ಮೂವತ್ತೆರಡನೆಯ ಸೆಕೆಂಡಿಗೆ ಕಡಿಯುತ್ತಿದ್ದ ಕರೆ: ದುಡ್ಡು ಕೊಟ್ಟ ಪ್ಯಾನಲ್, ಹೋಮರ್, ಎಸ್‌ಎನ್‌ಗ್ರೆಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಸ್‌ಎನ್‌ಗ್ರೆಪ್‌ಗೆ. ಇಂಟರ್ನೆಟ್ ಫೋನ್ ಕರೆಗಳ ಹಿಂದೆ ಓಡಾಡುವ ಸಂದೇಶಗಳನ್ನು ತೋರಿಸುವ, ಮೌಸ್ ಬೇಡದ, ಕಪ್ಪು ಪರದೆಯ ಮೇಲೆ ಅಕ್ಷರ ಮತ್ತು ಬಾಣಗಳಷ್ಟೇ ಕಾಣುವ ಉಚಿತ ತಂತ್ರಾಂಶ ಅದು. ಅದರ ಎದುರಾಳಿಗಳು ಇಬ್ಬರು: ನಾವು ದುಡ್ಡು ಕೊಟ್ಟು ಕೊಂಡ ಒಂದು ವೆಬ್ ಪ್ಯಾನಲ್ (ಹೆಸರು ಬೇಡ, ಗುತ್ತಿಗೆ ಇನ್ನೂ ಮುಗಿದಿಲ್ಲ) ಮತ್ತು ಆ ಸಂದೇಶಗಳನ್ನು ಕೂಡಿಟ್ಟು ಆಮೇಲೆ ಹುಡುಕಿಕೊಡುವ ಹೋಮರ್ ಎಂಬ ತಂತ್ರಾಂಶ. ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ. ಹಾಗೆ ನೋಡುವ ಆಸೆಯೇನೂ ನನಗಿರಲಿಲ್ಲ, ಹುಬ್ಬಳ್ಳಿಯವರ ದೂರು ಆ ಪರಿಸ್ಥಿತಿಗೆ ತಂದಿತು.

ನಮ್ಮದು ಚಿಕ್ಕ ಸಂಸ್ಥೆ. ಗ್ರಾಹಕ ಸೇವೆಯ ಕರೆಗಳನ್ನು ನಿಭಾಯಿಸುವವರಿಗೆ ಫೋನ್ ವ್ಯವಸ್ಥೆ ಹಾಕಿಕೊಡುತ್ತೇವೆ. ಬೆಂಗಳೂರಿನ ರ‍್ಯಾಕ್‌ನಲ್ಲಿ ಕಮೈಲಿಯೋ ಎಂಬ ಕರೆ ನಿರ್ವಹಣಾ ತಂತ್ರಾಂಶ ಓಡುವ ಎರಡು ಸರ್ವರ್‌ಗಳಿವೆ. ಒಂದು ಫೋನ್‌ಗಳ ಕಡೆಗೆ, ಇನ್ನೊಂದು ದೂರವಾಣಿ ಕಂಪನಿಯ ಟ್ರಂಕ್ (ಹೊರಗಿನ ಕರೆಗಳ ಸಂಪರ್ಕ) ಕಡೆಗೆ. ಕರೆ ಹಚ್ಚುವುದು, ರಿಂಗ್ ಆಗುವುದು, ಎತ್ತುವುದು, ಇಡುವುದು, ಈ ಎಲ್ಲದರ ಸಂದೇಶಗಳು ಇವುಗಳ ಮೂಲಕ ಹೋಗುತ್ತವೆ. ಧ್ವನಿಯ ದಾರಿ ಬೇರೆ. ಹಿಂದೆ ಪಿಆರ್‌ಐ ಲೈನ್ ಇದ್ದಾಗ ಒಂದು ಲೈನಿಗೆ 30 ಕರೆ ಅಷ್ಟೇ; ಕಾರ್ಡಿನ ಮೇಲಿನ ದೀಪ ಹಸಿರಾಗಿದ್ದರೆ ಎಲ್ಲ ಸರಿ, ಕೆಂಪಾದರೆ ಕಂಪನಿಗೆ ಫೋನ್ ಮಾಡುವುದು. ಈಗ ಆ ದೀಪದ ಕೆಲಸವನ್ನು ತಂತ್ರಾಂಶ ಮಾಡಬೇಕು.

ಪ್ಯಾನಲ್ ಬಂದದ್ದು ವ್ಯವಸ್ಥಾಪಕರ ಇಷ್ಟದಿಂದ. ಗೋಡೆಯ ಟಿವಿಯಲ್ಲಿ ಗ್ರಾಫ್ ಓಡಬೇಕು, ಸಂರಚನೆಯನ್ನು, ಅಂದರೆ ವ್ಯವಸ್ಥೆಯ ಸೆಟ್ಟಿಂಗ್‌ಗಳನ್ನು, ಯಾರು ಬೇಕಾದರೂ ಫಾರಂ ತುಂಬಿದಷ್ಟು ಸುಲಭವಾಗಿ ಬದಲಿಸುವಂತಿರಬೇಕು ಎಂಬುದು ಅವರ ಬಯಕೆ. ವರ್ಷದ ಶುಲ್ಕ ಹೊಸದಾಗಿ ಸೇರಿದ ಹುಡುಗನೊಬ್ಬನ ನಾಲ್ಕು ತಿಂಗಳ ಸಂಬಳದಷ್ಟು. ನಾನೂ ವಿರೋಧಿಸಲಿಲ್ಲ, ಒಪ್ಪಿಕೊಳ್ಳಬೇಕು. ಪ್ರದರ್ಶನದ ದಿನ ನೋಡಲು ಚೆನ್ನಾಗಿಯೇ ಇತ್ತು.

ಫೋನ್ ಕಡೆಯ ಸರ್ವರ್ ಅನ್ನು ಹೊಸ ಫೈರ್‌ವಾಲ್‌ನ ಹಿಂದಕ್ಕೆ ಸಾಗಿಸಿದ ರಾತ್ರಿ ಎಡವಟ್ಟು ಶುರುವಾಯಿತು. ಸರ್ವರ್‌ಗೆ ಒಳಗಿನ ವಿಳಾಸ 10ರಿಂದ ಶುರುವಾಗುವಂಥದ್ದು. ಹೊರಗಿನ ಜಗತ್ತಿಗೆ ಬೇರೆ ಸಾರ್ವಜನಿಕ ವಿಳಾಸ. ಇಂಥ ಕಡೆ ‘ನನ್ನನ್ನು ಈ ಹೊರವಿಳಾಸದಿಂದ ಕರೆಯಿರಿ’ ಎಂದು ಕಮೈಲಿಯೋಗೆ ಹೇಳಿಕೊಡಬೇಕು. ಪ್ಯಾನಲಿನಲ್ಲಿ ಅದಕ್ಕೊಂದು ಖಾನೆ ಇದೆ. ಹೊಸ ವಿಳಾಸ ತುಂಬಿದೆ, ಉಳಿಸು ಒತ್ತಿದೆ, ಜಾರಿ ಮಾಡು ಒತ್ತಿದೆ. ಹಸಿರು ಪಟ್ಟಿ ಮೂಡಿ, ಬದಲಾವಣೆ ಜಾರಿಯಾಗಿದೆ ಎಂದಿತು. ಒಂದು ಕರೆ ಮಾಡಿ ನೋಡಿದೆ, ರಿಂಗ್ ಆಯಿತು, ಎತ್ತಿದರು, ಮಾತು ಕೇಳಿಸಿತು. ಮನೆಗೆ ಹೋದೆ.

ಮರುದಿನ ಬೆಳಗ್ಗೆ ಹುಬ್ಬಳ್ಳಿ ಶಾಖೆಯ ಮೇಲ್ವಿಚಾರಕಿ ಫೋನ್ ಮಾಡಿದರು. “ಸರ್, ಗ್ರಾಹಕರು ತಮ್ಮ ಹೆಸರು ಹೇಳಿ ವಿಷಯಕ್ಕೆ ಬರುವಷ್ಟರಲ್ಲಿ ಕರೆ ಕಡಿದುಹೋಗುತ್ತಿದೆ.” ಬೆಂಗಳೂರಿನ ಕಚೇರಿಯವರಿಗೆ ಯಾವ ತೊಂದರೆಯೂ ಇರಲಿಲ್ಲ. ನಾನು ಪ್ಯಾನಲ್ ತೆರೆದೆ. ಉತ್ತರಿಸಿದ ಕರೆಗಳ ಗ್ರಾಫ್ ಹಸಿರು. ಕರೆ ಮುಗಿದ ಕಾರಣ ಎಂಬ ಕಾಲಂನಲ್ಲಿ ಎಲ್ಲವೂ ಸಹಜ ಮುಕ್ತಾಯ. ಹೊರವಿಳಾಸದ ಖಾನೆಯಲ್ಲಿ ನಾನು ತುಂಬಿದ್ದ ಹೊಸ ವಿಳಾಸವೇ ಇತ್ತು. ಹೀಗಾಗಿ ನಿಮ್ಮ ಊರಿನ ಇಂಟರ್ನೆಟ್ ಸರಿಯಿಲ್ಲ ಎಂದು ಅವರಿಗೇ ಹೇಳಿದೆ. ಅವರು ಪಾಪ, ರೂಟರ್ ಬದಲಿಸಿದರು. ನನಗೆ ಇವತ್ತಿಗೂ ನಾಚಿಕೆಯಾಗುವುದು ಆ ರೂಟರ್ ವಿಷಯದಲ್ಲಿ.

ಎರಡನೆಯ ದಿನ ಸಂಜೆ ಆಕೆ ಒಂದು ಹಾಳೆಯ ಫೋಟೋ ಕಳುಹಿಸಿದರು. ಕಡಿದ ಕರೆಗಳ ಅವಧಿಯನ್ನು ಫೋನಿನ ಪರದೆ ನೋಡಿ ಪೆನ್ನಿನಲ್ಲಿ ಬರೆದಿದ್ದರು: 32, 32, 33, 32, 32. ಎಸ್‌ಐಪಿ (ಇಂಟರ್ನೆಟ್ ಕರೆಗಳ ಸಂದೇಶ ಪದ್ಧತಿ) ಕೆಲಸ ಮಾಡುವವರಿಗೆ 32 ಎಂಬ ಸಂಖ್ಯೆ ಕಂಡರೆ ಸಾಕು. 2002ರ ಎಸ್‌ಐಪಿ ನಿಯಮಾವಳಿಯಲ್ಲೇ ಇದೆ ಅದು. ಫೋನ್ ಎತ್ತಿದವರ ಕಡೆಯಿಂದ ‘200 ಓಕೆ’ ಎಂಬ ಸಂದೇಶ ಹೊರಡುತ್ತದೆ. ಕರೆ ಮಾಡಿದವರು ಅದು ತಲುಪಿತೆಂದು ‘ಆಕ್’ ಕಳುಹಿಸಬೇಕು, ರಿಜಿಸ್ಟರ್ಡ್ ಪೋಸ್ಟಿನ ಸ್ವೀಕೃತಿ ಚೀಟಿಯ ಹಾಗೆ. ಚೀಟಿ ಬರದಿದ್ದರೆ 200 ಓಕೆಯನ್ನು ಅರ್ಧ ಸೆಕೆಂಡ್, ಒಂದು, ಎರಡು, ಆಮೇಲೆ ನಾಲ್ಕು ನಾಲ್ಕು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳುಹಿಸುತ್ತಾರೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್ ಕಾದು, ‘ಬೈ’ ಹೇಳಿ ಕರೆ ಮುಗಿಸುತ್ತಾರೆ. ಬೈ ಬಂದದ್ದರಿಂದ ಪ್ಯಾನಲಿನ ಲೆಕ್ಕದಲ್ಲಿ ಅದು ಸಹಜ ಮುಕ್ತಾಯ. ಓಕೆ ಬಂದದ್ದರಿಂದ ಯಶಸ್ವಿ ಕರೆ. ಗ್ರಾಫ್ ಹಸಿರಾಗಿರದೆ ಇನ್ನೇನು!

ಆಗ ಎಸ್‌ಎಸ್‌ಎಚ್‌ನಲ್ಲಿ ಸರ್ವರ್ ಹೊಕ್ಕು ಎಸ್‌ಎನ್‌ಗ್ರೆಪ್ ಹಚ್ಚಿದೆ. ಎಫ್‌7 ಒತ್ತಿ ಹುಬ್ಬಳ್ಳಿಯ ಒಂದು ಎಕ್ಸ್‌ಟೆನ್ಷನ್ ಸಂಖ್ಯೆ ಕೊಟ್ಟು ಸೋಸಿದೆ, ಸಿಕ್ಕ ಕರೆಯ ಮೇಲೆ ಎಂಟರ್ ಒತ್ತಿದೆ. ಏಣಿಯ ಹಾಗೆ ಚಿತ್ರ ಬಂತು. ಕರೆಯ ಕೋರಿಕೆಯಾದ ಇನ್ವೈಟ್ ಬಲಕ್ಕೆ ಹೋಗಿದೆ, ರಿಂಗ್ ಆಗುತ್ತಿದೆ ಎನ್ನುವ 180 ಎಡಕ್ಕೆ ಬಂದಿದೆ, 200 ಓಕೆ ಎಡಕ್ಕೆ, ಮತ್ತೆ 200 ಓಕೆ ಎಡಕ್ಕೆ, ಮತ್ತೆ, ಮತ್ತೆ. ಆಕ್ ಎಂಬ ಬಾಣ ಒಂದೂ ಇಲ್ಲ. ಪಕ್ಕದಲ್ಲೇ ಕಾಣುವ ಸಂದೇಶದ ಪೂರ್ತಿ ಪಠ್ಯದಲ್ಲಿ, ಮುಂದಿನ ಸಂದೇಶಗಳು ಯಾವ ದಾರಿಯಲ್ಲಿ ಬರಬೇಕೆಂದು ಹೇಳುವ ರೆಕಾರ್ಡ್-ರೂಟ್ ಸಾಲು ನೋಡಿದರೆ ಸರ್ವರ್‌ನ 10ರ ಒಳವಿಳಾಸ! ಹುಬ್ಬಳ್ಳಿಯ ಫೋನ್ ವಿಧೇಯನಾಗಿ ಆಕ್ ಅನ್ನು ಆ ವಿಳಾಸಕ್ಕೇ ಕಳುಹಿಸುತ್ತಿತ್ತು. ಆ ಊರಿನ ಜಾಲದಲ್ಲಿ ಅಂಥ ವಿಳಾಸವೇ ಇಲ್ಲ. ಬೆಂಗಳೂರಿನ ಫೋನ್‌ಗಳು ಒಳಜಾಲದಲ್ಲೇ ಇದ್ದುದರಿಂದ ಅವುಗಳ ಆಕ್ ತಲುಪುತ್ತಿತ್ತು. ನಾನು ಮೊದಲ ರಾತ್ರಿ ಪರೀಕ್ಷೆ ಮಾಡಿದ್ದೂ ಬೆಂಗಳೂರಿನ ಫೋನಿನಿಂದಲೇ, ಅದೂ ಹತ್ತೇ ಸೆಕೆಂಡ್.

ಹಾಗಾದರೆ ಪ್ಯಾನಲಿನಲ್ಲಿ ತುಂಬಿದ ಹೊರವಿಳಾಸ ಎಲ್ಲಿ ಹೋಯಿತು? ಸಂರಚನಾ ಕಡತದಲ್ಲಿ ಇತ್ತು, ಸರಿಯಾಗಿಯೇ ಬರೆದಿತ್ತು. ಆದರೆ ಯಾವ ವಿಳಾಸದಲ್ಲಿ ಕಿವಿಗೊಡಬೇಕು, ಏನೆಂದು ಕರೆಸಿಕೊಳ್ಳಬೇಕು ಎಂಬ ಸಾಲನ್ನು ಕಮೈಲಿಯೋ ಓದುವುದು ಶುರುವಾಗುವಾಗ ಒಮ್ಮೆ ಮಾತ್ರ. ಟ್ರಂಕ್‌ಗಳ ಪಟ್ಟಿಯಂಥವನ್ನು ಓಡುತ್ತಿರುವಾಗಲೇ ಮರುಓದಿಸಬಹುದು, ಇದನ್ನು ಆಗುವುದಿಲ್ಲ. ಪ್ಯಾನಲಿನ ಜಾರಿ ಗುಂಡಿ ಮರುಓದಿಸುವ ಆಜ್ಞೆ ಮಾತ್ರ ಕೊಟ್ಟು ಕೈತೊಳೆದುಕೊಂಡಿತ್ತು. ಕಡತದಲ್ಲಿ ಒಂದು, ಓಡುತ್ತಿರುವುದು ಇನ್ನೊಂದು. ಎರಡೂ ಒಂದೇ ಎಂಬಂತೆ ಖಾನೆಯಲ್ಲಿ ತೋರಿಕೆ. ಊಟದ ಹೊತ್ತಿನಲ್ಲಿ ಸೇವೆ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಹುಬ್ಬಳ್ಳಿಯ ಕರೆ 40 ಸೆಕೆಂಡ್ ದಾಟಿದಾಗ ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. ಪ್ಯಾನಲ್ ಮಾರಿದವರಿಗೆ ಬರೆದರೆ, ಮರುಪ್ರಾರಂಭ ಬೇಕೆಂದು ಕೈಪಿಡಿಯಲ್ಲಿದೆ ಎಂಬ ಉತ್ತರ ಬಂತು. ಇದೆ, ನಿಜ. ಆ ಮಾತು ಹಸಿರು ಪಟ್ಟಿಯಲ್ಲಿ ಇರಬೇಕಿತ್ತು.

ಇಷ್ಟಕ್ಕೇ ಎಸ್‌ಎನ್‌ಗ್ರೆಪ್ ಅನ್ನು ತಲೆಯ ಮೇಲೆ ಹೊತ್ತುಕೊಂಡಿಲ್ಲ. ಅದಕ್ಕೆ ನಿನ್ನೆ ಎಂಬುದೇ ಗೊತ್ತಿಲ್ಲ. ಹಚ್ಚಿದ ಕ್ಷಣದಿಂದ ಕಂಡದ್ದಷ್ಟೇ ಅದರ ಜಗತ್ತು, ಕಡತಕ್ಕೆ ಉಳಿಸದೆ ಮುಚ್ಚಿದರೆ ಅದೂ ಹೋಯಿತು. “ಮೊನ್ನೆ ನಾಲ್ಕು ಗಂಟೆಗೆ ಒಂದು ಕರೆ…” ಎಂದು ಗ್ರಾಹಕರು ಶುರು ಮಾಡಿದರೆ ಅದರ ಕೈಯಲ್ಲಿ ಏನೂ ಇಲ್ಲ. ಹೋಮರ್ ಗೆಲ್ಲುವುದು ಇಲ್ಲಿ. ಕಮೈಲಿಯೋ ತಾನು ಕಂಡ ಪ್ರತಿ ಸಂದೇಶದ ನಕಲನ್ನು ಹೆಚ್‌ಇಪಿ ಎಂಬ ಲಕೋಟೆಯಲ್ಲಿ ಹಾಕಿ ಹೋಮರ್‌ಗೆ, ಸಾಮಾನ್ಯವಾಗಿ 9060ನೇ ಪೋರ್ಟಿಗೆ, ಕಳುಹಿಸುತ್ತದೆ. ಅದು ಡೇಟಾಬೇಸಿನಲ್ಲಿ ಕೂಡಿಡುತ್ತದೆ. ಮೊನ್ನೆಯ ಕರೆಯನ್ನು ಸಂಖ್ಯೆ ಕೊಟ್ಟು ಹುಡುಕಿ, ಅದೇ ಏಣಿ ಚಿತ್ರವನ್ನು ಬ್ರೌಸರ್‌ನಲ್ಲಿ ನೋಡಬಹುದು. ಟಿಎಲ್‌ಎಸ್ ಎಂಬ ಗೂಢಲಿಪಿಯಲ್ಲಿ ಬರುವ ಫೋನ್‌ಗಳ ವಿಷಯದಲ್ಲೂ ಹೋಮರ್ ಮೇಲು. ಎಸ್‌ಎನ್‌ಗ್ರೆಪ್ ತಂತಿಯ ಮೇಲೆ ಹೋಗುವುದನ್ನು ಕದ್ದು ನೋಡುವಂಥದ್ದು, ಈಗಿನ ಗೂಢಲಿಪಿಯ ಎದುರು ಕುರುಡು. ಹೋಮರ್‌ಗೆ ಸಂದೇಶ ಹೋಗುವುದು ಸರ್ವರ್‌ನ ಒಳಗಿನಿಂದ, ಬೀಗ ತೆಗೆದ ಮೇಲೆ.

ಹೋಮರ್‌ನ ಕಿರಿಕಿರಿ ಎರಡು. ಬದುಕಿದ್ದೀಯಾ ಎಂದು ಟ್ರಂಕ್‌ಗಳನ್ನು ಕೇಳುತ್ತಲೇ ಇರುವ ಆಪ್ಷನ್ಸ್ ಸಂದೇಶಗಳು, ಫೋನ್‌ಗಳ ನೋಂದಣಿ ಸಂದೇಶಗಳು ಕರೆಗಳಿಗಿಂತ ಎಷ್ಟೋ ಹೆಚ್ಚು. ಅವನ್ನು ಬಾಗಿಲಲ್ಲೇ ತಡೆಯದಿದ್ದರೆ ಡಿಸ್ಕ್ ತುಂಬುತ್ತದೆ. ಇನ್ನೊಂದು ಗಡಿಯಾರ. ನಮ್ಮ ಎರಡು ಸರ್ವರ್‌ಗಳ ಸಮಯದಲ್ಲಿ ಒಂದು ಸೆಕೆಂಡಿನ ವ್ಯತ್ಯಾಸವಿದ್ದಾಗ, ಇನ್ವೈಟ್ ಹೊರಡುವ ಮೊದಲೇ ಅದಕ್ಕೆ ಉತ್ತರ ಬಂದಂತೆ ಚಿತ್ರ ಮೂಡುತ್ತಿತ್ತು. ಸಮಯ ಹೊಂದಿಸಿದ ಮೇಲೆ ಸರಿಹೋಯಿತು.

ವೈರ್‌ಶಾರ್ಕ್ ಎಂಬ, ಜಾಲದಲ್ಲಿ ಹೋಗುವುದನ್ನೆಲ್ಲ ಹಿಡಿದು ಬಿಡಿಸಿ ತೋರಿಸುವ ತಂತ್ರಾಂಶವನ್ನು ಯಾಕೆ ಬಿಟ್ಟಿರಿ ಎನ್ನುವವರಿಗೆ: ಬಿಟ್ಟಿಲ್ಲ. ಧ್ವನಿ ಒಡೆಯುತ್ತಿದ್ದರೆ, ಹಳೆಯ ದೂರವಾಣಿ ಜಾಲದ ಎಸ್‌ಎಸ್7 ಸಂದೇಶ ಬಿಡಿಸಬೇಕಿದ್ದರೆ ಅದೇ ಬೇಕು. ದಿನಬಳಕೆಗೆ ಭಾರ.

ಸಂರಚನೆಯ ಮಾತಿಗೆ ಬಂದರೆ ನಾನು ಕಡತದವನು. ಬದಲಿಸುವುದು ಟೆಕ್ಸ್ಟ್ ಎಡಿಟರ್‌ನಲ್ಲಿ. ಕಮೈಲಿಯೋಗೆ -c ಆಯ್ಕೆ ಕೊಟ್ಟರೆ, ಕಡತದ ವ್ಯಾಕರಣ ತಪ್ಪಿದ್ದರೆ ಹೇಳುತ್ತದೆ. ಗಿಟ್‌ಗೆ ಸೇರಿಸಿದರೆ ಯಾರು ಯಾವಾಗ ಏನು ಬದಲಿಸಿದರು ಎಂಬುದು ಉಳಿಯುತ್ತದೆ. ಟ್ರಂಕ್ ಪಟ್ಟಿಯನ್ನು ಮರುಓದಿಸಲು ಕಮ್‌ಸಿಎಂಡಿ ಎಂಬ ಆಜ್ಞಾಸಾಲಿನ ಸಾಧನ ಇದೆ. ಅದರ ದೊಡ್ಡ ಗುಣವೆಂದರೆ ಓಡುತ್ತಿರುವ ಕಮೈಲಿಯೋವನ್ನೇ ಕೇಳಿ ಉತ್ತರ ತರುತ್ತದೆ, ಕಡತವನ್ನಲ್ಲ. ಫಾರಂ ತುಂಬುವ ಸುಖವೇ ಬೇಕೆಂದರೆ ಉಚಿತವಾದ ಸಿರೆಮಿಸ್ ಎಂಬ ವೆಬ್ ಪ್ಯಾನಲ್ ಇದೆ, ಚಂದಾದಾರರ ಪಟ್ಟಿ ಸೇರಿಸಲು ತೆಗೆಯಲು ಅಡ್ಡಿಯಿಲ್ಲ. 2008ರಲ್ಲಿ ಕಮೈಲಿಯೋದಿಂದ ಬೇರೆಯಾದ ಓಪನ್‌ಸಿಪ್ಸ್ ಬಳಸುವವರಿಗೆ ಅವರದೇ ಕಂಟ್ರೋಲ್ ಪ್ಯಾನಲ್ ಇದೆ. ದಾಯಾದಿಗಳಾದರೂ ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ.

ಯಾರಿಗೆ ಯಾವುದು ಎಂದು ನನ್ನನ್ನು ಕೇಳಿದರೆ, ನನ್ನ ಕೆಲಸದ ರೀತಿ ನೋಡಿ ಹೇಳುತ್ತಿದ್ದೇನೆ ಎಂಬುದು ನೆನಪಿರಲಿ. ನಾನು ಒಬ್ಬನೇ, ಇಡೀ ದಿನ ಟರ್ಮಿನಲ್‌ನಲ್ಲೇ ಇರುವವನು, ರೈಲಿನಲ್ಲಿ ಮೊಬೈಲ್‌ನಿಂದಲೂ ಸರ್ವರ್ ಹೊಕ್ಕು ನೋಡುವವನು. ಅಂಥವನಿಗೆ ಎಸ್‌ಎನ್‌ಗ್ರೆಪ್ ಸಾಕು, ಬೆನ್ನಿಗೆ ಹೋಮರ್ ಇರಲಿ. ಹೋಮರ್‌ಗೆ ತಂತ್ರಾಂಶದ ಖರ್ಚಿಲ್ಲ, ನಾವು ಮೂಲೆಗೆ ಹಾಕಿದ್ದ ಹಳೆಯ ಯಂತ್ರಕ್ಕೆ ದೊಡ್ಡ ಡಿಸ್ಕ್ ಹಾಕಿದೆವು, ಅಷ್ಟೇ. ಪಾಳಿಯಲ್ಲಿ ಹತ್ತು ಜನ ಕೆಲಸ ಮಾಡುವ, ಆಜ್ಞಾಸಾಲು ಕಂಡರೆ ದೂರ ಸರಿಯುವ ತಂಡವಿದ್ದರೆ ಲೆಕ್ಕ ಬೇರೆ. ಪ್ಯಾನಲ್ ಕೊಳ್ಳಿ, ಆದರೆ ಕೊಳ್ಳುವ ಮೊದಲು ಮಾರುವವರ ಮುಂದೆಯೇ ಒಂದು ಹೊರವಿಳಾಸ ಬದಲಿಸಿ, ಜಾರಿ ಒತ್ತಿಸಿ, ದೂರದ ಊರಿನ ಫೋನಿನಿಂದ ಕರೆ ಮಾಡಿ ಒಂದು ನಿಮಿಷ ಮಾತಾಡಿ.

ನಮ್ಮ ಪ್ಯಾನಲ್ ಗುತ್ತಿಗೆ ಮುಗಿಯುವವರೆಗೆ ಗೋಡೆಯ ಟಿವಿಯಲ್ಲಿ ಓಡುತ್ತಲೇ ಇರುತ್ತದೆ. ಬಂದ ಅತಿಥಿಗಳಿಗೆ ಅದು ಇಷ್ಟ. ಹುಬ್ಬಳ್ಳಿಯ ಆ ಹಾಳೆಯನ್ನು ಮುದ್ರಿಸಿ ಟಿವಿಯ ಕೆಳಗೇ ಅಂಟಿಸಿದ್ದೇನೆ, ಶಾಖೆಯ ಹೊಸ ರೂಟರ್‌ನ ಬಿಲ್ಲಿನ ಜೊತೆಗೆ.