ಹೋಮ್‌ಸ್ಟೇ ವೆಬ್‌ಸೈಟ್ ಮಾಡಿಸುವವರೇ, ಹಿನ್ನೆಲೆ ಚಿತ್ರ ಎಲ್ಲಿ ಮುಗಿಯುತ್ತದೆ ನೋಡಿಕೊಳ್ಳಿ

ಕೊಡಗಿನಲ್ಲಿ ಹೋಮ್‌ಸ್ಟೇ ನಡೆಸುವವರು, ಕಾಫಿಪುಡಿ, ಜೇನು, ಕರಿಮೆಣಸು ಆನ್‌ಲೈನ್‌ನಲ್ಲಿ ಮಾರುವವರು ದಯವಿಟ್ಟು ಇದನ್ನು ಓದಿ. ವೆಬ್‌ಸೈಟಿನ ಕೊನೆಯ ಕಂತು ಕೊಡುವ ಮೊದಲೇ ಓದಿದರೆ ಇನ್ನೂ ಒಳ್ಳೆಯದು.

ನಮ್ಮ ಹೋಮ್‌ಸ್ಟೇ ಇರುವುದು ಕಕ್ಕಬ್ಬೆ ಹತ್ತಿರ. ವೆಬ್‌ಸೈಟ್ ಕೆಲಸವನ್ನು ಬೆಂಗಳೂರಿನ ಒಂದು ಕಂಪನಿಗೆ ಕೊಟ್ಟಿದ್ದೆವು. ಹಿನ್ನೆಲೆಗೆ ಮಂಜು ಮುಸುಕಿದ ತಡಿಯಂಡಮೋಳ್ ಬೆಟ್ಟದ ಫೋಟೊ, ಅದರ ಮೇಲೆ ಬಿಳಿ ಅಕ್ಷರ. ಅವರ ಲ್ಯಾಪ್‌ಟಾಪ್‌ನಲ್ಲಿ ನಿಜಕ್ಕೂ ಚೆನ್ನಾಗಿತ್ತು. ದುಡ್ಡು ಕೊಟ್ಟಾಯಿತು.

ಮಳೆಗಾಲದಲ್ಲಿ ಒಬ್ಬ ಅತಿಥಿ ಹಿಂದಿನ ದಿನ ಬುಕಿಂಗ್ ರದ್ದು ಮಾಡಿ ಮುಂಗಡ ಪೂರ್ತಿ ವಾಪಸ್ ಕೇಳಿದರು. ನಿಯಮ ಸೈಟ್‌ನಲ್ಲೇ ಇದೆಯಲ್ಲ ಅಂದೆ. "ಎಲ್ಲಿದೆ ತೋರಿಸಿ" ಎಂದು ತಮ್ಮ ಮೊಬೈಲಿನ ಸ್ಕ್ರೀನ್‌ಶಾಟ್ ಕಳಿಸಿದರು. ರೂಮಿನ ದರ, ಊಟದ ವಿವರದವರೆಗೆ ಸರಿಯಾಗಿತ್ತು. ಅಲ್ಲಿಗೆ ಫೋಟೊ ಮುಗಿದಿತ್ತು. ಪುಟದ ಕೊನೆಯಲ್ಲಿ ಇರಬೇಕಾದ ನಮ್ಮ ಫೋನ್ ನಂಬರಿನ ಪಟ್ಟಿ ಸಾಲುಗಳ ನಡುವೆ ಬಂದು ಕೂತಿತ್ತು. ಅದರ ಕೆಳಗೆ ಬರೀ ಬಿಳಿ. ರದ್ದತಿ ನಿಯಮ ಅಲ್ಲೇ ಇತ್ತು, ಬಿಳಿಯ ಮೇಲೆ ಬಿಳಿಯಾಗಿ! ಅವರದೇನು ತಪ್ಪು? ಹಣ ವಾಪಸ್ ಕೊಟ್ಟೆವು.

ಕಂಪನಿಗೆ ಹೇಳಿದರೆ, "ಬರಹ ಕಡಿಮೆ ಮಾಡಿ" ಎಂಬ ಉತ್ತರ. ಇಲ್ಲವೇ ಪ್ರತಿ ಪುಟಕ್ಕೂ ಬೇರೆ ಹಿನ್ನೆಲೆ ಮಾಡಿಕೊಡುತ್ತೇವೆ, ಪುಟಕ್ಕಿಷ್ಟು ಜಾಸ್ತಿ ಕೊಡಿ ಅಂದರು. ಈ ಮಾತು ನಂಬಬೇಡಿ.

ವೆಬ್ ಕೆಲಸ ಗೊತ್ತಿರುವ ನಮ್ಮ ಅಕ್ಕನ ಮಗಳು ನೋಡಿದಾಗ ಕಾರಣ ಸಿಕ್ಕಿತು. ಪುಟದ ಎತ್ತರವನ್ನೇ 1800 ಪಿಕ್ಸೆಲ್ ಎಂದು ಕಟ್ಟಿಹಾಕಿದ್ದರು. ಅಗಲ ಸ್ಕ್ರೀನಿನಲ್ಲಿ ಒಂದೇ ಸಾಲಾಗಿ ಬರುವ ಮಾತು ಮೊಬೈಲ್‌ನಲ್ಲಿ ಮೂರ್ನಾಲ್ಕು ಸಾಲಾಗಿ ಉದ್ದಕ್ಕೆ ಬೆಳೆಯುತ್ತದೆ, ಅಲ್ವಾ? ಚಿತ್ರ ಮಾತ್ರ ಅಲ್ಲೇ ನಿಲ್ಲುತ್ತದೆ. ಚಿಕ್ಕ ಪುಟದಲ್ಲಿ ಇದೇ ತೊಂದರೆ ಉಲ್ಟಾ. "ನಿಮ್ಮ ಕೋರಿಕೆ ತಲುಪಿದೆ" ಎಂಬ ಎರಡು ಸಾಲು, ಆಮೇಲೆ ಸುಮ್ನೆ ಉದ್ದಕ್ಕೂ ಖಾಲಿ ಬೆಟ್ಟ.

ಅವಳು ಮಾಡಿದ್ದು ಇಷ್ಟೇ. ಪುಟದ ಕೋಡ್‌ನಲ್ಲಿ 'ಹೈಟ್' (ಇಷ್ಟೇ ಎತ್ತರ) ಇದ್ದ ಕಡೆ 'ಮಿನ್-ಹೈಟ್' (ಕಡಿಮೆಯೆಂದರೆ ಇಷ್ಟು ಎತ್ತರ) ಹಾಕಿ, ಕನಿಷ್ಠ ಒಂದು ಸ್ಕ್ರೀನಿನಷ್ಟು ಎತ್ತರ ಇಟ್ಟಳು. ಬರಹ ಹೆಚ್ಚಾದರೆ ಪುಟ ತಾನೇ ಬೆಳೆಯುತ್ತದೆ. ಫೋಟೊವನ್ನು ಮೇಲ್ಭಾಗಕ್ಕೆ ಮಾತ್ರ ಇಟ್ಟು, ಅದರ ಕೆಳ ಅಂಚು ಕಡುಹಸಿರಿಗೆ ಕರಗುವಂತೆ ಮಾಡಿ, ಇಡೀ ಪುಟಕ್ಕೆ ಅದೇ ಹಸಿರು ಕೊಟ್ಟಳು. ನಮ್ಮ ಕಡೆ ಮಳೆಗೆ ನೆಟ್‌ವರ್ಕ್ ಕೈಕೊಟ್ಟು ಫೋಟೊ ಬರದಿದ್ದರೂ ಈಗ ಅಕ್ಷರ ಕಾಣುತ್ತದೆ.

ಇನ್ನೂ ಎರಡು ಸಲಹೆ ನಿಮಗೆ ಬರಬಹುದು. ಫೋಟೊವನ್ನು ಪುಟದುದ್ದಕ್ಕೂ 'ಕವರ್' ಮಾಡೋಣ, ಅಂದರೆ ಇಡೀ ಪುಟ ತುಂಬುವಷ್ಟು ದೊಡ್ಡದು ಮಾಡೋಣ ಅನ್ನುತ್ತಾರೆ. ಉದ್ದ ಪುಟದಲ್ಲಿ ಅದು ಹಿಗ್ಗಿ ಮಸುಕಾಗುತ್ತದೆ, ಬೆಟ್ಟದ ಒಂದು ಚೂರು ಮಾತ್ರ ಕಾಣುತ್ತದೆ. ಚಿತ್ರ ನಿಂತಲ್ಲೇ ಇದ್ದು ಬರಹ ಮಾತ್ರ ಸರಿಯಲಿ ಅಂದರೆ, ಐಫೋನ್‌ನಲ್ಲಿ ಅದು ಸಾಮಾನ್ಯವಾಗಿ ಸರಿಯಾಗಿ ಬರುವುದಿಲ್ಲ. ಬೇಲಿಯಂತೆ ಹೆಣೆದ ಚಿಕ್ಕ ವಿನ್ಯಾಸವಾದರೆ ಮತ್ತೆ ಮತ್ತೆ ಬರುವಂತೆ ಹಾಕಿಸಬಹುದು, ಎಷ್ಟು ಉದ್ದಕ್ಕೂ ಸಾಕಾಗುತ್ತದೆ.

ಕೊನೆಯ ಕಂತಿಗೆ ಮುಂಚೆ ನಿಮ್ಮ ಅತಿ ಉದ್ದದ ಪುಟವನ್ನು, ಕನ್ನಡದಲ್ಲೂ ಇದ್ದರೆ ಅದನ್ನೂ, ನಿಮ್ಮದೇ ಮೊಬೈಲಿನಲ್ಲಿ ತೆರೆಯಿರಿ. ಅಕ್ಷರದ ಗಾತ್ರ ದೊಡ್ಡದು ಮಾಡಿ. ಕಟ್ಟಕಡೆಯ ಸಾಲಿನವರೆಗೂ ಓದಲು ಬರದಿದ್ದರೆ ದುಡ್ಡು ಕೊಡಬೇಡಿ.