ಮಳೆಗೆ ಬೀಳುವ ಸ್ವಿಚ್ಚು ಮತ್ತು ಗೆಳೆಯನ ಕೂಲಿ

ಉಡುಪಿಯ ಅಂಬಾಗಿಲಿನಲ್ಲಿರುವ ನಮ್ಮ ಮನೆಯ ವಿದ್ಯುತ್ ದೋಷವನ್ನು ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಸರಿಪಡಿಸಿಕೊಟ್ಟವನು ನನ್ನ ಹೈಸ್ಕೂಲಿನ ಗೆಳೆಯ. ಅವನು ಕಾಪುವಿನಲ್ಲಿದ್ದುಕೊಂಡು ಮನೆ, ಅಂಗಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ. ಹಣ ಕೊಟ್ಟು ಪಡೆದ ಯಾವುದೇ ಸೇವೆಯ ಹಾಗೆ ಅವನ ಕೆಲಸದ ಗುಣದೋಷಗಳನ್ನೂ ಬರೆಯಬಹುದು. ಆದರೆ ಬೆಲೆಯ ಮಾತಿಗೆ ಬಂದಾಗ ಕೈ ತಡೆಯುತ್ತದೆ; ಆ ಬೆಲೆಯನ್ನು ತೀರ್ಮಾನಿಸಲು ಕೆಲಸಕ್ಕಿಂತ ಹೆಚ್ಚು ಸಮಯ ಹಿಡಿದದ್ದರಿಂದ ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ದೋಷ ಹೀಗಿತ್ತು. ಜೋರು ಮಳೆ ಹೊಡೆದ ದಿನ ತಾಯಿ ಅಕ್ಕಿ ಕಡೆಯಲು ಗ್ರೈಂಡರ್ ಹಾಕಿದರೆ ಸಾಕು, ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚಾದ ಆರ್‌ಸಿಸಿಬಿ ಬಿದ್ದು ಇಡೀ ಮನೆ ಕತ್ತಲಾಗುತ್ತಿತ್ತು. ಬಿಸಿಲು ಬಂದ ದಿನ ಅದೇ ಗ್ರೈಂಡರ್ ಯಾವ ತಕರಾರೂ ಇಲ್ಲದೆ ತಿರುಗುತ್ತಿತ್ತು. ನಾವೆಲ್ಲರೂ ಗ್ರೈಂಡರನ್ನೇ ದೂರಿದೆವು. ಜೂನ್‌ನಲ್ಲಿ ಬಂದ ಬೇರೊಬ್ಬ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಯನ್ನು ದೂರಿ, ಹೊಸದನ್ನು ಹಾಕಿ ಹಣ ಪಡೆದು ಹೋದರು. ವಾರದೊಳಗೆ ಹೊಸದೂ ಬೀಳತೊಡಗಿದಾಗ ಮತ್ತೆ ಬಂದು, ಅದನ್ನು ಬಿಟ್ಟು ನೇರ ಕನೆಕ್ಷನ್ ಕೊಟ್ಟುಬಿಡುತ್ತೇನೆ, ಕಿರಿಕಿರಿ ತಪ್ಪುತ್ತದೆ ಎಂದರು. ಮೂವತ್ತು ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿದು ಜೀವ ಉಳಿಸಲೆಂದು ಇರುವ ಉಪಕರಣವನ್ನು ಮಳೆಗಾಲದಲ್ಲಿ, ಒದ್ದೆ ನೆಲದ ಮನೆಯಲ್ಲಿ ತೆಗೆದುಹಾಕುವ ಸಲಹೆಯನ್ನು ನಾನು ಒಪ್ಪಲಿಲ್ಲ.

ಗೆಳೆಯನಿರುವಾಗ ಅಪರಿಚಿತರನ್ನೇಕೆ ಕರೆದಿರಿ ಎಂದು ಯಾರಾದರೂ ಕೇಳಬಹುದು. ಕಾರಣ ಎರಡು ವರ್ಷ ಹಿಂದಿನದು. ಆಗ ಅವನು ನಮ್ಮ ಇನ್ವರ್ಟರಿನ ಲೈನು ಬೇರ್ಪಡಿಸಿಕೊಡಲು ಒಂದು ಭಾನುವಾರ ಪೂರ್ತಿ ಕೆಲಸ ಮಾಡಿದ್ದ. ಎಷ್ಟಾಯಿತು ಎಂದು ಕೇಳಿದರೆ ‘ಇರಲಿ ಮಾರಾಯ, ನೋಡುವ’ ಎಂದ. ನಮ್ಮ ಕರಾವಳಿಯ ಈ ‘ನೋಡುವ’ ಎಂಬ ಪದಕ್ಕೆ ಹೌದು, ಅಲ್ಲ, ಮತ್ತೊಮ್ಮೆ ಕೇಳು, ಇನ್ನು ಕೇಳಬೇಡ ಎಂಬ ನಾಲ್ಕೂ ಅರ್ಥಗಳುಂಟು. ನಾನು ಮತ್ತೊಮ್ಮೆ ಕೇಳಲಿಲ್ಲ. ತಾಯಿ ಅವನಿಗೆ ಊಟ ಬಡಿಸಿ, ಒಂದು ಹಲಸಿನ ಹಣ್ಣನ್ನು ಸ್ಕೂಟರಿಗೆ ಕಟ್ಟಿ ಕಳುಹಿಸಿದರು. ಆ ದಿನ ಉಳಿದ ಹಣ ನನಗೆ ಲಾಭವಾಗಲಿಲ್ಲ; ಮುಂದೆ ಫ್ಯಾನು ನಿಂತಾಗಲೂ ಪಂಪು ಕೆಟ್ಟಾಗಲೂ ಅವನ ನಂಬರು ತೆಗೆದು ನೋಡಿ ಫೋನನ್ನು ಹಾಗೆಯೇ ಕೆಳಗಿಟ್ಟೆ. ಕೊಡದ ಕೂಲಿಯೊಂದು ನಡುವೆ ಕುಳಿತಿರುವಾಗ ಇನ್ನೊಂದು ಕೆಲಸ ಹೇಳುವುದು ಹೇಗೆ?

ಈ ಬಾರಿ ಫೋನಿನಲ್ಲಿಯೇ, ದುಡ್ಡು ತೆಗೆದುಕೊಳ್ಳುವುದಾದರೆ ಮಾತ್ರ ಬಾ ಎಂದೆ. ಬರುತ್ತೇನೆ ಎಂದವನು ಬಂದದ್ದು ಹದಿನೇಳು ದಿನಗಳ ನಂತರ.

ಕೆಲಸದ ಬಗ್ಗೆ ಹೇಳಬೇಕಾದರೆ, ಅವನು ಗ್ರೈಂಡರಿನ ಕಡೆಗೆ ನೋಡಲೂ ಇಲ್ಲ. ಮೈನ್ ಆಫ್ ಮಾಡಿ, ಬೋರ್ಡು ಬಿಚ್ಚಿ, ಕರೆಂಟು ಹಿಂದಿರುಗುವ ನ್ಯೂಟ್ರಲ್ ಪಟ್ಟಿಗೆ ಬಂದು ಸೇರುವ ವೈರುಗಳನ್ನು ಒಂದೊಂದಾಗಿ ಕಳಚಿ, ಪ್ರತಿಯೊಂದನ್ನೂ ಅರ್ತಿಂಗಿನ ಎದುರು ಸೋರಿಕೆ ಪತ್ತೆಹಚ್ಚುವ ಐನೂರು ವೋಲ್ಟಿನ ಮೆಗ್ಗರಿನಿಂದ ಅಳೆಯುತ್ತ ಹೋದ. ಐದು ಲೈನುಗಳು ಐವತ್ತು ಮೆಗಾಓಮ್‌ಗಿಂತ ಮೇಲೆ ತೋರಿಸಿದವು, ಅಂದರೆ ಅಲ್ಲಿ ಸೋರಿಕೆಯಿಲ್ಲ. ಆರನೆಯದು ಸೊನ್ನೆ ತೋರಿಸಿತು. ಅದು ಗೇಟಿನ ದೀಪದ ಲೈನು, ಅದರ ಎಂಸಿಬಿಯನ್ನು, ಅಂದರೆ ಆ ಲೈನಿಗೆ ಮಾತ್ರ ಇರುವ ಸ್ವಿಚ್ಚನ್ನು, ನಾವು ತಿಂಗಳಿನಿಂದ ಇಳಿಸಿಯೇ ಇಟ್ಟಿದ್ದೆವು. ಮನೆಗಳಲ್ಲಿ ಸಾಮಾನ್ಯವಾಗಿರುವ ಒಂಟಿ ಪೋಲಿನ ಎಂಸಿಬಿ ಕರೆಂಟು ಬರುವ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಉಳಿಯುತ್ತದೆ. ಆ ನ್ಯೂಟ್ರಲ್ ಎಲ್ಲಿಯೋ ಅರ್ತಿಗೆ ತಾಗಿದ್ದರೆ, ಗ್ರೈಂಡರಿನಂತಹ ದೊಡ್ಡ ಯಂತ್ರ ತಿರುಗಿದಾಗ ಹಿಂದಿರುಗುವ ಕರೆಂಟಿನ ಒಂದು ಪಾಲು ಆ ದಾರಿ ಹಿಡಿಯುತ್ತದೆ, ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ಇದನ್ನು ಅವನು ಬೋರ್ಡಿನ ಮುಚ್ಚಳದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು ತೋರಿಸಿದ. ಲೆಕ್ಕ ತಾಳೆಯಾಗದಿದ್ದರೆ ಏನಾಗುತ್ತದೆಂಬುದು ತೆರಿಗೆ ಲೆಕ್ಕ ನೋಡುವ ನನ್ನ ಕಸುಬಿಗೂ ಸಂಬಂಧಿಸಿದ್ದಾದ್ದರಿಂದ ಬೇಗ ಅರ್ಥವಾಯಿತು.

ಕಾಂಪೌಂಡಿನ ಮುರಕಲ್ಲಿನ ಗೋಡೆಯೊಳಗೆ ಹುದುಗಿದ್ದ ಪೆಟ್ಟಿಗೆಯನ್ನು ತೆರೆದಾಗ ಕಾಲು ಲೋಟದಷ್ಟು ನೀರು ಸುರಿಯಿತು. ಒಳಗೆ ಟೇಪು ಸುತ್ತಿದ ಜಾಯಿಂಟು ಕೊಳೆತು, ತಾಮ್ರ ಹಸಿರುಗಟ್ಟಿ, ನ್ಯೂಟ್ರಲ್ ಮತ್ತು ಅರ್ತಿನ ತಂತಿಗಳು ನೀರು ನಿಂತಾಗಲೆಲ್ಲ ಅದರ ಮೂಲಕ ಒಂದಕ್ಕೊಂದು ತಾಗುತ್ತಿದ್ದವು. ಅವನು ಒಂದೂವರೆ ಚದರ ಮಿಲಿಮೀಟರಿನ ಮೂರೆಳೆ ಕೇಬಲನ್ನು ಹೊಸದಾಗಿ ಎಳೆದು, ನೀರು ನುಗ್ಗದ ಪೆಟ್ಟಿಗೆ ಕೂರಿಸಿ, ಕೇಬಲನ್ನು ಕೆಳಬದಿಯಿಂದ ಒಳಗೆ ತಂದು, ಪೆಟ್ಟಿಗೆಯ ಹೊರಗೆ ಅದಕ್ಕೊಂದು ಬಳುಕು ಕೊಟ್ಟ; ಮಳೆನೀರು ಕೇಬಲಿನ ಮೇಲೆ ಹರಿದು ಬಂದರೂ ಆ ಬಳುಕಿನ ತುದಿಯಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ. ಒಟ್ಟು ಮೂರೂವರೆ ಗಂಟೆ ಹಿಡಿಯಿತು. ಆಮೇಲೆ ಸುರಿದ ಯಾವ ಮಳೆಗೂ ಆರ್‌ಸಿಸಿಬಿ ಬಿದ್ದಿಲ್ಲ. ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಕೊರತೆಗಳಿಲ್ಲವೆಂದಲ್ಲ. ಹದಿನೇಳು ದಿನ ಕಾಯಿಸಿದ್ದನ್ನು ಹೇಳಿದೆ: ಗುರ್ತದವರ ಕೆಲಸ ಎಲ್ಲರ ಕೆಲಸದ ನಂತರದ್ದು. ಗೋಡೆ ಕೊರೆದ ಕೆಂಪು ಹುಡಿಯನ್ನು ನಾನೇ ಗುಡಿಸಬೇಕಾಯಿತು. ಬಿಲ್ಲು ಕೊಡಲಿಲ್ಲ, ಆದ್ದರಿಂದ ಮುಂದೆ ಏನಾದರೂ ಆದರೆ ತೋರಿಸಲು ಕಾಗದವಿಲ್ಲ.

ಇನ್ನು ಬೆಲೆ. ಸಾಮಾನಿಗೆ ಅಂಗಡಿಯ ಚೀಟಿಯಂತೆ 1,140 ರೂಪಾಯಿ ಆಗಿತ್ತು, ಅದರಲ್ಲಿ ಚರ್ಚೆಯಿಲ್ಲ. ಕೂಲಿಯ ವಿಷಯದಲ್ಲಿ ನನಗೊಂದು ವಿಚಿತ್ರ ಅನುಕೂಲವಿತ್ತು. ಅವನ ಆದಾಯ ತೆರಿಗೆ ರಿಟರ್ನನ್ನು ಪ್ರತಿ ವರ್ಷ ತುಂಬಿಸಿಕೊಡುವವನು ನಾನು, ಹಾಗಾಗಿ ಅವನ ಬಿಲ್ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ಬೇರೆಯವರಿಂದ ಅವನು ಅರ್ಧ ದಿನಕ್ಕೆ 900, ದೋಷ ಹುಡುಕುವುದಕ್ಕೆ ಪ್ರತ್ಯೇಕವಾಗಿ 500 ಪಡೆಯುತ್ತಾನೆ. ಲೆಕ್ಕಕ್ಕೆಂದು ನಂಬಿ ಕೊಟ್ಟ ಪುಸ್ತಕವನ್ನು ಇದಕ್ಕೆ ಬಳಸಬಹುದೇ ಎಂಬ ಸಂಕೋಚವಿತ್ತಾದರೂ, ಕಡಿಮೆ ಕೊಡಲು ನೋಡುತ್ತಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ರಿಟರ್ನಿಗೂ ವೈರಿಂಗಿಗೂ ವಜಾ ಮಾಡಿಕೊಂಡರಾಗದೆ ಎಂದು ತಾಯಿ ಕೇಳಿದರು. ಅವರ ಮನಸ್ಸಿನಲ್ಲಿದ್ದುದು ಮುಯ್ಯಾಳಿನ ಪದ್ಧತಿ: ಇಂದು ನಿಮ್ಮ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆದರೆ ಅದು ನಡೆಯುತ್ತಿದ್ದದ್ದು ನಾಟಿಯ ಒಂದು ದಿನಕ್ಕೆ ನಾಟಿಯ ಇನ್ನೊಂದು ದಿನ ಸಮವಾಗಿದ್ದುದರಿಂದ. ಫ್ಯಾನಿನ ಕೆಳಗೆ ಕುಳಿತು ನಾನು ಒತ್ತುವ ಕೀಲಿಗಳನ್ನೂ ಮಳೆಯಲ್ಲಿ ಗೋಡೆಗೆ ಒರಗಿ ಅವನು ಬಿಗಿಯುವ ಸ್ಕ್ರೂಗಳನ್ನೂ ಯಾವ ಸೇರಿನಲ್ಲಿ ಅಳೆಯುವುದು? ಇಬ್ಬರೂ ತಮ್ಮದೇ ಹೆಚ್ಚೆಂದು ಒಳಗೊಳಗೇ ಎಣಿಸುವ ಅಪಾಯವಂತೂ ಇದ್ದೇ ಇದೆ.

ಎಲ್ಲ ಸೇರಿಸಿ 2,540 ರೂಪಾಯಿಯನ್ನು ಗೂಗಲ್ ಪೇಯಲ್ಲಿ ಕಳುಹಿಸಿದೆ. ನಗದು ಕೊಡದಿರುವುದಕ್ಕೆ ವೃತ್ತಿಯ ಕಾರಣವೂ ಇತ್ತು: ಸಣ್ಣ ವ್ಯವಹಾರದ ಅಂದಾಜು ಲಾಭವನ್ನು ಲೆಕ್ಕ ಹಾಕುವಾಗ ನಗದು ವಹಿವಾಟಿಗೆ ಕನಿಷ್ಠ ಶೇ. 8 ಹಿಡಿಯಬೇಕಾದರೆ, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6 ಸಾಕು. ಹತ್ತು ನಿಮಿಷದಲ್ಲಿ 500 ರೂಪಾಯಿ ಹಿಂದೆ ಬಂತು, ಜೊತೆಗೊಂದು ಸಾಲು: ‘ಚೆಕ್ಕಿಂಗ್ ಚಾರ್ಜು ಗುರ್ತದವರಿಗಿಲ್ಲ.’ ಇಲ್ಲಿ ಮಾತ್ರ ನನಗೆ ಅವನ ಮೇಲೆ ತಕರಾರಿದೆ. ಕೇಬಲ್ ಎಳೆಯುವವರು ಅಂಬಾಗಿಲಿನಲ್ಲಿಯೇ ಬೇಕಾದಷ್ಟು ಮಂದಿ ಸಿಗುತ್ತಾರೆ. ಆರನೆಯ ವೈರು ಯಾವುದೆಂದು ಕಂಡುಹಿಡಿದದ್ದಕ್ಕೇ ಅಲ್ಲವೇ ನಾನು ಹದಿನೇಳು ದಿನ ಕಾದದ್ದು? ತನ್ನ ವಿದ್ಯೆಯನ್ನು ಪುಕ್ಕಟೆಯಾಗಿ ಬಿಟ್ಟು ಮೈಮುರಿದ ಸಮಯಕ್ಕೆ ಮಾತ್ರ ಹಣ ಇಟ್ಟುಕೊಂಡದ್ದು ನನಗೆ ತಲೆಕೆಳಗಾದ ಲೆಕ್ಕವಾಗಿ ಕಂಡಿತು. ಆದರೆ ರಿಯಾಯಿತಿ ಎಷ್ಟೆಂದು ಹೇಳುವ ಹಕ್ಕು ಕೆಲಸ ಮಾಡಿದವನದು, ಮಾಡಿಸಿಕೊಂಡವನದಲ್ಲ. ಆದ್ದರಿಂದ ಮತ್ತೆ ಕಳುಹಿಸದೆ ಸುಮ್ಮನಾದೆ.

ಕಳೆದ ವಾರ ಪಂಪಿನ ಸ್ಟಾರ್ಟರ್ ಕೆಟ್ಟಾಗ ಹಿಂಜರಿಯದೆ ಅವನಿಗೇ ಫೋನು ಮಾಡಿದೆ. ಬರುವ ದಿನ ಗೊತ್ತುಮಾಡಿ ಫೋನು ಇಡುವ ಮೊದಲು, ಇಷ್ಟು ವರ್ಷದ ರಿಟರ್ನಿಗೆ ನಿನ್ನ ಫೀಸು ಎಷ್ಟು ಎಂದು ಸರಿಯಾಗಿ ಹೇಳಿಬಿಡು ಎಂದ. ನನ್ನ ಬಾಯಿಂದ ಬಂದದ್ದು ‘ಇರಲಿ, ನೋಡುವ’ ಎಂದೇ.