ಸ್ಪೀಕರ್ ಸ್ಟ್ಯಾಂಡ್: ರೆಡಿಮೇಡ್, ಪ್ಲೈವುಡ್, ಎಎಸಿ ಬ್ಲಾಕ್, ಕಬ್ಬಿಣ – ಪುಣೆಯ ಬಾಡಿಗೆ ಮನೆಯಲ್ಲಿ ಯಾವುದು ನಿಂತಿತು?

ಮೊದಲೇ ಹೇಳಿಬಿಡುತ್ತೇನೆ. ಸ್ಟ್ಯಾಂಡಿನಿಂದ ಸಿಗುವ ಲಾಭದಲ್ಲಿ ಹೆಚ್ಚಿನದು ಎರಡೇ ಕಾರಣಕ್ಕೆ ಸಿಗುತ್ತದೆ. ಸ್ಪೀಕರ್ ಕಿವಿಯ ಎತ್ತರಕ್ಕೆ ಬರುತ್ತದೆ, ಗೋಡೆಯಿಂದ ದೂರ ಬರುತ್ತದೆ. ಮೂರನೆಯದು ಅಲುಗಾಡದೆ ನಿಲ್ಲುವುದು. ಕಬ್ಬಿಣ ಒಳ್ಳೆಯದೋ ಮರ ಒಳ್ಳೆಯದೋ, ಮರಳು ತುಂಬಬೇಕೋ ಬೇಡವೋ ಅನ್ನುವ ಜಗಳವೆಲ್ಲ ಇವು ಮೂರೂ ಆದಮೇಲೆ. ಬಾಡಿಗೆ ಮನೆಯವನಾದ್ದರಿಂದ ನಾನು ಇನ್ನೆರಡನ್ನು ಸೇರಿಸುತ್ತೇನೆ. ಮನೆ ಬದಲಿಸುವಾಗ ಟೆಂಪೋದಲ್ಲಿ ಸುಮ್ನೆ ಹತ್ತಿ ಕೂರಬೇಕು. ನೆಲ ಒರೆಸುವ ಮಾವಶಿ ದಿನಾ ಗೊಣಗುವಂತಿರಬಾರದು.

ನಮ್ಮದು ಕೋಥ್ರೂಡಿನಲ್ಲಿ ಮೂರನೇ ಮಹಡಿ. ಹಾಲ್ 10 ಅಡಿ ಅಗಲ, 16 ಅಡಿ ಉದ್ದ, ಕೆಳಗೆ ವಿಟ್ರಿಫೈಡ್ ಟೈಲ್ಸ್. ಸ್ಪೀಕರ್ ಟೂ-ವೇ, ಅಂದರೆ ಕೆಳದನಿಗೆ ಆರೂವರೆ ಇಂಚಿನ ವೂಫರ್, ಮೇಲ್ದನಿಗೆ ಸಣ್ಣ ಟ್ವೀಟರ್. ಪೋರ್ಟ್, ಅಂದರೆ ಡಬ್ಬಿಯ ಗಾಳಿ ಹೊರಬರುವ ತೂತು, ಹಿಂದುಗಡೆ. ಒಂದೊಂದರ ತೂಕ 7 ಕೆಜಿ, ಅಗಲ 20 ಸೆಂ.ಮೀ., ಆಳ 28 ಸೆಂ.ಮೀ. ತಳದಿಂದ ಟ್ವೀಟರಿಗೆ 25 ಸೆಂ.ಮೀ. ಸೋಫಾದಲ್ಲಿ ಕೂತರೆ ನನ್ನ ಕಿವಿ ನೆಲದಿಂದ 92 ಸೆಂ.ಮೀ. ಎತ್ತರದಲ್ಲಿರುತ್ತದೆ. 92ರಲ್ಲಿ 25 ಕಳೆದರೆ 67. ನನಗೆ ಬೇಕಾದ ಸ್ಟ್ಯಾಂಡಿನ ಎತ್ತರ ಅಷ್ಟು. ಟೇಪ್ ಹಿಡಿದು ಈ ಒಂದು ಲೆಕ್ಕ ಹಾಕದೆ ದುಡ್ಡು ಬಿಚ್ಚಬೇಡಿ. ಹಾಗಂತ ಒಂದೆರಡು ಸೆಂಟಿಮೀಟರಿಗೆ ನಿದ್ದೆ ಕೆಡಿಸಿಕೊಳ್ಳುವುದೂ ಬೇಡ. ಎರಡೂವರೆ ಮೀಟರ್ ದೂರದಲ್ಲಿ ಕೂತು ಕೇಳುವಾಗ 7 ಸೆಂ.ಮೀ. ಹೆಚ್ಚುಕಮ್ಮಿ ಆದರೂ ಕೋನದಲ್ಲಿ ಬರುವ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ.

ನಾವು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ. ಗದಗಿನ ಭೀಮಸೇನ ಜೋಶಿ ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಶುರು ಮಾಡಿದ ಊರು ಇದು. ಆ ಗುರು ಕುಂದಗೋಳದವರು. ಧಾರವಾಡ ಸೀಮೆಯಿಂದ ಬಂದವನಿಗೆ ಇಲ್ಲಿ ಬೇರೇನು ಕೇಳಲು ಮನಸ್ಸಾಗುತ್ತದೆ ಹೇಳಿ. ಸ್ಟ್ಯಾಂಡ್ ಪರೀಕ್ಷೆಗೂ ಇದೇ ಸಂಗೀತ ವಾಸಿ. ಗಂಡಸರು ಹಾಡುವ ಕಾಳಿ ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ ಷಡ್ಜ ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜದ, ಅಂದರೆ ಕೆಳಗಿನ ಷಡ್ಜದ ತಂತಿ ಅದರ ಅರ್ಧ, ಸುಮಾರು 69. ತಂಬೂರಿ ಎಡೆಬಿಡದೆ ಮೀಟುತ್ತಲೇ ಇರುತ್ತದೆ. ಹಾಗಾಗಿ ಸ್ಟ್ಯಾಂಡ್ ಬದಲಿಸಿದಾಗ ಏನು ಹೆಚ್ಚಿತು, ಏನು ಕಡಿಮೆಯಾಯಿತು ಅಂತ ಹಿಡಿಯುವುದು ಸುಲಭ. ಜೊತೆಗೆ ತಬಲಾದ ಡಗ್ಗಾ, ಅಂದರೆ ಎಡಗೈಯಲ್ಲಿ ನುಡಿಸುವ ದಪ್ಪ ದನಿಯದು, ಇದ್ದೇ ಇದೆ.

ಸ್ಟ್ಯಾಂಡ್ ಬರುವ ಮೊದಲು ಸ್ಪೀಕರ್ ಇದ್ದದ್ದು ಟಿವಿ ಯೂನಿಟ್ ಮೇಲೆ. ಹೋಲಿಕೆಗೆ ಇದನ್ನೂ ಒಂದು ಆಯ್ಕೆ ಅಂತ ಇಟ್ಟುಕೊಳ್ಳಿ, ಯಾಕೆಂದರೆ ಬಹಳ ಮನೆಗಳಲ್ಲಿ ಇರುವುದು ಇದೇ. ಎತ್ತರ 45 ಸೆಂ.ಮೀ. ಸ್ಪೀಕರಿನ ಮುಖದಿಂದ ಹಿಂದಿನ ಗೋಡೆಗೆ 43 ಸೆಂ.ಮೀ. ಈ ಎರಡನೇ ಅಂಕಿಯಲ್ಲೇ ಇದೆ ತೊಂದರೆ. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಒಂದು ಕಂಪನಾಂಕದ ಹತ್ತಿರ ನೇರ ಸದ್ದಿಗೆ ಎದುರು ನಿಂತು ಅದನ್ನು ಅಳಿಸುತ್ತದೆ. ಅದು ಎಲ್ಲಿ ಅಂತ ತಿಳಿಯಲು ಸದ್ದಿನ ವೇಗವಾದ 343 ಅನ್ನು (ಸೆಕೆಂಡಿಗೆ ಮೀಟರ್) ಗೋಡೆಯ ದೂರದ ನಾಲ್ಕು ಪಟ್ಟಿನಿಂದ ಭಾಗಿಸಿ. ದೂರ ಮೀಟರಿನಲ್ಲಿರಲಿ. 0.43 ಮೀಟರಿಗೆ ಉತ್ತರ ಸುಮಾರು 200 ಹರ್ಟ್ಸ್. ಗಂಡು ದನಿಯ ಮೈಕಟ್ಟು ಇರುವ ಜಾಗ ಅದು. ಅದಕ್ಕಿಂತ ಕೆಳಗಿನ ಸದ್ದನ್ನು ಅದೇ ಗೋಡೆ ಎತ್ತಿ ಕೊಡುತ್ತದೆ. ಹೀಗಾಗಿ ಡಗ್ಗಾ ಗುಮ್ಮೆನ್ನುತ್ತದೆ, ಹಾಡುವವರ ದನಿ ಮಾತ್ರ ಸೊರಗಿದಂತೆ ಕೇಳುತ್ತದೆ. ಸ್ಪೀಕರ್ ಕೆಳಗೆ ಸ್ಪಂಜಿನ ಪ್ಯಾಡ್ ಇಟ್ಟೆ. ಯೂನಿಟ್ಟಿನ ಗಾಜಿನ ಬಾಗಿಲು ನಡುಗುವುದು ನಿಂತಿತು. ಅಷ್ಟಕ್ಕೆ ಅದು ಲಾಯಕ್ಕು. ದನಿ ಸರಿಹೋಗಲಿಲ್ಲ, ಹೋಗುವುದೂ ಇಲ್ಲ. ಪ್ಯಾಡ್ ಗೋಡೆಯನ್ನು ಹಿಂದೆ ತಳ್ಳುವುದಿಲ್ಲ ಅಲ್ವಾ?

ಗೋಡೆಗೆ ಹೊಡೆಯುವ ಬ್ರಾಕೆಟ್ ನನಗೆ ಮೊದಲ ಸುತ್ತಿನಲ್ಲೇ ಔಟ್. ಪೋರ್ಟ್ ಹಿಂದಿರುವ ಸ್ಪೀಕರ್ ಗೋಡೆಗೆ ಅಂಟಿಕೊಂಡರೆ ಮೇಲಿನ ಕಾಯಿಲೆಯೇ ಮತ್ತೆ. ಡಿಪಾಸಿಟ್ ಕೊಟ್ಟ ಮನೆಯ ಗೋಡೆಗೆ ತೂತು ಬೇರೆ.

ಆನ್‌ಲೈನಿನಲ್ಲಿ ಸಿಗುವ ರೆಡಿಮೇಡ್ ಸ್ಟ್ಯಾಂಡನ್ನು ಗೆಳೆಯನಿಂದ ತಂದು ಕೆಲವು ವಾರ ಇಟ್ಟುಕೊಂಡಿದ್ದೆ. ಎತ್ತರ 60 ಸೆಂ.ಮೀ. ಒಂದು ಸಣ್ಣ ಪೈಪ್, ಕೆಳಗೆ ಎಂಡಿಎಫ್ ಹಲಗೆ, ಮೇಲೆ ತೆಳು ತಗಡು. ಸ್ಪೀಕರನ್ನು ಮುಂದೆ ಎಳೆದು ಮುಖದಿಂದ ಗೋಡೆಗೆ 90 ಸೆಂ.ಮೀ. ಮಾಡಿದೆ. ಲೆಕ್ಕದ ಪ್ರಕಾರ ಗೋಡೆ ಸದ್ದನ್ನು ಅಳಿಸುವ ಆ ಗುಂಡಿ ಈಗ 95 ಹರ್ಟ್ಸ್ ಹತ್ತಿರಕ್ಕೆ ಇಳಿಯಬೇಕು. ಕಿವಿಗೂ ಹಾಗೇ ಅನ್ನಿಸಿತು. ದನಿ ತುಂಬಿಕೊಂಡಿತು. ಗಾಯಕರು ಎರಡು ಸ್ಪೀಕರಿನ ನಡುವೆ, ಹಿಂದುಗಡೆ ಎಲ್ಲೋ ಕೂತು ಹಾಡುತ್ತಿದ್ದಾರೆ ಅನ್ನಿಸಲು ಶುರುವಾದದ್ದು ಆಗಲೇ. ಈ ಇಡೀ ಬರಹದಲ್ಲಿ ಕಿವಿಗೆ ಸಿಕ್ಕ ಅತಿ ದೊಡ್ಡ ಬದಲಾವಣೆ ಇದು. ಮುಂದಿನವೆಲ್ಲ ಇದರ ಮುಂದೆ ಚಿಲ್ಲರೆ.

ಇದರ ಕೊರತೆ ಬೇರೆ ಕಡೆ. ಅಲೆನ್ ಕೀಯಿಂದ ಬಿಗಿದ ಸ್ಕ್ರೂ ದಿನ ಕಳೆದಂತೆ ಸಡಿಲಾಗುತ್ತದೆ. ಬೆರಳಿನಿಂದ ಸ್ಪೀಕರಿನ ತಲೆ ಮುಟ್ಟಿದರೆ ಹಿಂದೆಮುಂದೆ ತೂಗುತ್ತದೆ. ಪೈಪ್ ಖಾಲಿ ಇರುವುದರಿಂದ ತಂಬೂರಿ ನಡೆಯುವಾಗ ಕೈ ಇಟ್ಟರೆ ನಡುಕ ತಿಳಿಯುತ್ತದೆ. ವೈರನ್ನು ಪೈಪಿನೊಳಗಿಂದ ಇಳಿಸಬಹುದು ಅನ್ನುವುದು ಒಂದು ಒಳ್ಳೆ ಗುಣ. ಹಗುರ, ಬಿಚ್ಚಿ ಡಬ್ಬಿಗೆ ಹಾಕಬಹುದು. ಮನೆಯಲ್ಲಿ ಮಕ್ಕಳಿಲ್ಲ, ಸಣ್ಣ ಸ್ಪೀಕರ್, ವರ್ಷ ವರ್ಷ ಮನೆ ಬದಲಿಸುತ್ತೀರಿ ಅಂದರೆ ಇದೇ ಸಾಕು. ಆಗಾಗ ಸ್ಕ್ರೂ ಬಿಗಿ ಮಾಡಿ, ಅಷ್ಟೇ.

ಪ್ಲೈವುಡ್ ನನ್ನ ಹೆಂಡತಿಯ ಆಯ್ಕೆ. ಕಬ್ಬಿಣದ ಕಂಬ ಹಾಲಿನಲ್ಲಿ ನಿಂತರೆ ವರ್ಕ್‌ಶಾಪ್ ಥರ ಕಾಣುತ್ತದೆ ಅಂತ ಅವಳ ವಾದ, ಅದು ತೀರಾ ಸುಳ್ಳೂ ಅಲ್ಲ. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ 18 ಮಿ.ಮೀ. ಪ್ಲೈ ತಂದು ಬಡಗಿಗೆ ಕೊಟ್ಟೆವು. ನಾಲ್ಕು ಬದಿ ಮುಚ್ಚಿದ ಚೌಕ ಕಂಬ, ಮೇಲೆ ಸಾಗವಾನಿ ವಿನೀರ್. ನೋಡಲು ಚೆಂದವೋ ಚೆಂದ. ಆದರೆ ಒಳಗೆ ಖಾಲಿ ಇರುವ ಮರದ ಪೆಟ್ಟಿಗೆಯ ಮೇಲೆ ಸ್ಪೀಕರ್ ಇಟ್ಟರೆ ಅದೂ ಒಂದು ಡೋಲಿನಂತೆ ಜೊತೆಗೂಡಿ ಬಾರಿಸುತ್ತದೆ. ಡಗ್ಗಾದ ಪ್ರತಿ ಪೆಟ್ಟಿಗೂ ಹಿಂದೆ ಒಂದು ಸಣ್ಣ ಬಾಲ. ಒಳಗೆ ಮರಳು ಸುರಿದರೆ ಆ ಬಾಲ ಹೋಗುತ್ತದೆ, ಜೋಡಣೆಯ ಸಂದಿಯಿಂದ ಮರಳು ಒಸರಲು ಶುರುವಾಗುತ್ತದೆ. ಬಡಗಿಗೆ ಮೊದಲೇ ಹೇಳಿ ಒಳಗಿನ ಮೂಲೆಗಳಿಗೆ ಸಿಲಿಕೋನ್ ಹಾಕಿಸುವುದು ಒಳ್ಳೆಯದು. ಖರ್ಚು ಎಲ್ಲಕ್ಕಿಂತ ಜಾಸ್ತಿ ಇದಕ್ಕೇ. ಹೊಸದಾಗಿ ಮಾಡಿಸುವವರು ಮುಚ್ಚಿದ ಪೆಟ್ಟಿಗೆ ಬಿಟ್ಟು, ಗಟ್ಟಿ ಮರದ ನಾಲ್ಕು ಕಾಲು, ಮೇಲೆ ಕೆಳಗೆ ಚೌಕಟ್ಟು ಇರುವ ತೆರೆದ ವಿನ್ಯಾಸ ಮಾಡಿಸಿ. ಗುಂಯ್ ಅನ್ನಲು ಅದರಲ್ಲಿ ಪೆಟ್ಟಿಗೆಯೇ ಇರುವುದಿಲ್ಲ.

ಎಎಸಿ ಬ್ಲಾಕ್ ನೆನಪಾದದ್ದು ಪಕ್ಕದ ಬಿಲ್ಡಿಂಗಿನ ಕೆಲಸ ನೋಡಿ. ಗೋಡೆ ಕಟ್ಟುವ ಹಗುರ ಬಿಳಿ ಇಟ್ಟಿಗೆ ಇದೆಯಲ್ಲ, ಅದು. ಉದ್ದ 600 ಮಿ.ಮೀ., ಉಳಿದೆರಡು ಬದಿ 200. ಉದ್ದಕ್ಕೆ ನಿಲ್ಲಿಸಿದರೆ ಸರಿಯಾಗಿ 60 ಸೆಂ.ಮೀ. ಎತ್ತರದ ಕಂಬ, ತೂಕ 15 ಕೆಜಿ ಆಸುಪಾಸು. ಸ್ಪೀಕರಿನ ಅಗಲ 20 ಸೆಂ.ಮೀ., ಇದರದ್ದೂ 20. ಒಂದಕ್ಕೆ ನೂರು ರೂಪಾಯಿ ಹತ್ತಿರ ಕೊಟ್ಟೆ. ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವುದರಿಂದ ಬೆರಳಿನಿಂದ ತಟ್ಟಿದರೆ ಸದ್ದೇ ಇಲ್ಲ, ಟಪ್ ಅಂದು ಸತ್ತುಹೋಗುತ್ತದೆ. ಸದ್ದಿನ ಲೆಕ್ಕದಲ್ಲಿ ಇದು ಪ್ಲೈವುಡ್ಡನ್ನೂ ರೆಡಿಮೇಡನ್ನೂ ಆರಾಮಾಗಿ ಹಿಂದೆ ಹಾಕಿತು. ನೂರು ರೂಪಾಯಿಯ ವಸ್ತು! ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಒಳ್ಳೆ ಸ್ಟ್ಯಾಂಡ್ ಬೇರೆ ಯಾವುದೂ ಇಲ್ಲ ಅಂತ ನಾನು ಯಾರ ಮುಂದೆಯೂ ವಾದ ಮಾಡುತ್ತೇನೆ.

ಮನೆಯವರ ಮುಂದೆ ಮಾತ್ರ ಮಾಡುವುದಿಲ್ಲ. ಬ್ಲಾಕ್ ಪುಡಿ ಉದುರಿಸುತ್ತದೆ. ಪುಟ್ಟಿ, ಪೇಂಟ್ ಹಚ್ಚಿದರೂ ಅಂಚು ತಾಗಿದಲ್ಲಿ ಚೂರು ಏಳುತ್ತದೆ. ನೆಲ ಒರೆಸಿದ ನೀರನ್ನು ಕೆಳಗಿನಿಂದ ಹೀರುತ್ತದೆ. ಮಾವಶಿ ಮೊದಲ ದಿನವೇ "ಇದು ಮನೆಯೋ ಸೈಟೋ" ಅಂತ ಮರಾಠಿಯಲ್ಲಿ ಕೇಳಿಬಿಟ್ಟರು. ಇವೆಲ್ಲಕ್ಕಿಂತ ಮುಖ್ಯ, ತಳ ಬರೀ 20 ಸೆಂ.ಮೀ. ಮೇಲೆ 7 ಕೆಜಿ ಸ್ಪೀಕರ್. ಓಡಾಡುವ ಮಗು ಒಂದು ಸಲ ಒರಗಿದರೆ ಸಾಕು. ಬ್ಲಾಕಿನ ಕೆಳಗೆ ಅಗಲವಾದ ಪ್ಲೈ ಅಥವಾ ಕಲ್ಲು ಅಂಟಿಸದೆ ಮಕ್ಕಳಿರುವ ಮನೆಯಲ್ಲಿ ಇದನ್ನು ನಿಲ್ಲಿಸಬೇಡಿ.

ಕೊನೆಗೆ ಉಳಿದದ್ದು ಫ್ಯಾಬ್ರಿಕೇಟರ್ ಹತ್ತಿರ ಮಾಡಿಸಿದ ಕಬ್ಬಿಣದ ಜೋಡಿ. ಗ್ರಿಲ್, ಗೇಟ್ ಮಾಡುವ ಯಾವ ಅಂಗಡಿಯಲ್ಲೂ ಇದು ಆಗುತ್ತದೆ. 3 ಇಂಚಿನ ಎಂಎಸ್ (ಮೈಲ್ಡ್ ಸ್ಟೀಲ್) ಸ್ಕ್ವೇರ್ ಪೈಪ್, ದಪ್ಪ 3 ಮಿ.ಮೀ., ಉದ್ದ 62 ಸೆಂ.ಮೀ. ಮೇಲೆ ಕೆಳಗೆ 5 ಮಿ.ಮೀ. ಪ್ಲೇಟ್. ವೆಲ್ಡಿಂಗ್ ಬಿಸಿಗೆ ಪ್ಲೇಟ್ ಸೊಟ್ಟಗಾಗುತ್ತದೆ. ಅದಕ್ಕೇ ಒಂದೇ ಬದಿ ಉದ್ದಕ್ಕೆ ಎಳೆಯದೆ, ಎದುರುಬದುರು ಚುಕ್ಕೆ ಹಾಕಿ ಆಮೇಲೆ ತುಂಬಲು ಹೇಳಿ. ಮೇಲಿನ ಪ್ಲೇಟಿನಲ್ಲಿ ಮರಳು ಸುರಿಯಲು ಒಂದು ತೂತು ಬಿಡಿಸಿ. ಪೇಂಟಿಗೆ ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆಯಲಿ. ಕೂಲಿ, ಪೇಂಟ್ ಎಲ್ಲ ಸೇರಿ ಜೋಡಿಗೆ ನಾಲ್ಕು ಸಾವಿರದ ಒಳಗೇ ಆಯಿತು.

ತಳಕ್ಕೆ ಕಲ್ಲು ಹಾಕೋಣ ಅಂತ ಫರ್ಶಿ, ಅಂದರೆ ಹಾಸುಗಲ್ಲಿನ ಅಂಗಡಿಗೆ ಹೋದೆ. ಅಡುಗೆಮನೆ ಕಟ್ಟೆಗೆ ಹಾಕುವ ಕಪ್ಪು ಕಡಪ್ಪಾ ಕೇಳಿದೆ. ಅಂಗಡಿಯವರು ಕಲಬುರಗಿ ಕಡೆಯವರು. ನನ್ನ ಫೋನಿನ ಕನ್ನಡ ಕೇಳಿ ಶುರು ಮಾಡಿದರು: "ಆಂಧ್ರದ ಕಲ್ಲ ಯಾಕ್ ಒಯ್ತೀರಿ ಸರ, ನಮ್ಮ ಶಹಾಬಾದ್ ಫರ್ಶಿ ಒಯ್ರಿ." ಎರಡೂ ಸುಣ್ಣದ ಕಲ್ಲೇ, ತೂಕವೂ ಹೆಚ್ಚುಕಮ್ಮಿ ಒಂದೇ. ನಮ್ಮ ಜಿಲ್ಲೆಗಳ ಮೇಲಿನ ಅಭಿಮಾನಕ್ಕೆ ಶಹಾಬಾದನ್ನೇ ತರುತ್ತಿದ್ದೆ. ಆದರೆ ಅವರ ಹತ್ತಿರ ಇದ್ದ ತುಂಡುಗಳ ಕೆಳಬದಿ ಒರಟಾಗಿತ್ತು, ಟೈಲ್ಸ್ ಮೇಲೆ ಕುಂಟುತ್ತಿತ್ತು. ಕಡಪ್ಪಾ ಸಮ ಇತ್ತು. "ಆತು ಬಿಡ್ರಿ" ಅಂತ ಅದನ್ನೇ ಕತ್ತರಿಸಿ, ನೀರು ಬಿಡುತ್ತಾ ನಾಲ್ಕು ತೂತು ಕೊರೆದು ಕೊಟ್ಟರು. ಅಳತೆ 35 × 30 ಸೆಂ.ಮೀ., ದಪ್ಪ 2.5. ಒಂದೊಂದೇ 7 ಕೆಜಿ ಬರುತ್ತದೆ. ಅಂಟಿಸದೆ ಬೋಲ್ಟ್ ಹಾಕಿಸಿದೆ, ಮನೆ ಬದಲಿಸುವಾಗ ಕಲ್ಲು ಬೇರೆ, ಕಂಬ ಬೇರೆ ಮಾಡಬಹುದು. ಕಲ್ಲಿನ ಮೇಲೆ ಬಾತ್‌ರೂಮ್ ತೊಳೆಯುವ ಆಸಿಡ್ ಬೀಳದಂತೆ ನೋಡಿಕೊಳ್ಳಿ. ಸುಣ್ಣದ ಕಲ್ಲು, ಕಲೆ ಹೋಗುವುದಿಲ್ಲ.

ಇನ್ನು ಮರಳು. ಈ ಪೈಪಿನೊಳಗೆ ನಾಲ್ಕು ಕೆಜಿ ಚಿಲ್ಲರೆ ಹಿಡಿಸುತ್ತದೆ. ಕಟ್ಟಡದ ಮರಳಿನಲ್ಲಿ ತೇವ ಇರುತ್ತದೆ, ಪುಣೆಯ ಮಳೆಗಾಲದಲ್ಲಂತೂ ಕೇಳಲೇಬೇಡಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಉದ್ದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಇಳಿಸಿದೆ. ಇಲ್ಲದಿದ್ದರೆ ಪೈಪ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಖಾಲಿ ಪೈಪನ್ನು ತಟ್ಟಿದರೆ ಗಂಟೆಯ ನಾದ, ತುಂಬಿದ ಪೈಪ್ ಮೂಕ. ಇದನ್ನು ತೋರಿಸಿಯೇ ಅಂಗಡಿಯವರು ಸಾವಿರಾರು ರೂಪಾಯಿಯ ಸ್ಟ್ಯಾಂಡ್ ಮಾರುವುದು. ಕೇಳುವಾಗ ಅಷ್ಟು ವ್ಯತ್ಯಾಸ ಇದೆಯೇ? ಒಂದು ಸ್ಟ್ಯಾಂಡಿಗೆ ಮಾತ್ರ ಮರಳು ತುಂಬಿ, ಯಾವುದರ ಮೇಲಿನ ಸ್ಪೀಕರ್ ನುಡಿಯುತ್ತಿದೆ ಅಂತ ನನಗೆ ಕಾಣದಂತೆ ಪರದೆ ಕಟ್ಟಿ, ಜಾಗಗಳನ್ನೂ ಅದಲುಬದಲು ಮಾಡಿಸಿ, ಹೆಂಡತಿ ಕೈಲಿ ಒಂದೇ ವಾಲ್ಯೂಮಿನಲ್ಲಿ ಹಾಕಿಸಿದೆ. ಖಚಿತವಾಗಿ ಹೇಳಲು ನನಗೆ ಆಗಲಿಲ್ಲ. ಅವಳಿಗೂ ಆಗಲಿಲ್ಲ.

ಲೆಕ್ಕವೂ ಅದನ್ನೇ ಹೇಳುತ್ತದೆ. ಈ ಅಳತೆಯ ವೂಫರಿನ ಕದಲುವ ಭಾಗ ಹೆಚ್ಚೆಂದರೆ 15 ಗ್ರಾಂ ಅಂತ ಇಟ್ಟುಕೊಳ್ಳಿ. ಸ್ಪೀಕರಿನ ಡಬ್ಬಿ 7 ಕೆಜಿ. ಕೋನ್ ಒಂದು ಮಿಲಿಮೀಟರ್ ಮುಂದೆ ಹೋದರೆ ಡಬ್ಬಿ ಹಿಂದೆ ಹೋಗುವುದು ಮಿಲಿಮೀಟರಿನ ಐನೂರನೇ ಒಂದು ಪಾಲಿಗೆ ತುಸು ಹೆಚ್ಚು. ಸ್ಟ್ಯಾಂಡಿಗೆ ಟನ್‌ಗಟ್ಟಲೆ ಭಾರ ತುಂಬಿ ತಡೆಯುವಂಥ ಒದೆತವೇನಲ್ಲ ಅದು. ಆದರೂ ಮರಳು ತೆಗೆಯಲಿಲ್ಲ, ಬೇರೆ ಕಾರಣಕ್ಕೆ. ಕಲ್ಲು, ಕಬ್ಬಿಣ, ಮರಳು ಸೇರಿ ಒಂದು ಸ್ಟ್ಯಾಂಡ್ ಸುಮಾರು 18 ಕೆಜಿ. ತಳವೂ ಅಗಲ. ಅಕ್ಕನ ಮಗ ಬಂದು ತಬ್ಬಿಕೊಂಡು ಜೋತಾಡಿದರೂ ಬೀಳಲಿಲ್ಲ. ಎಎಸಿ ಬ್ಲಾಕಿನ ಮುಂದೆ ಇದು ಗೆದ್ದದ್ದು ಅಲ್ಲಿ. ಸದ್ದಿನಲ್ಲಿ ಎರಡೂ ಸಮ ಅಂತಲೇ ನನ್ನ ತೀರ್ಪು.

ಪಾದದ ಬಗ್ಗೆ ಒಂದು ಮಾತು. ಸ್ಪೈಕ್, ಅಂದರೆ ಚೂಪು ಮೊಳೆಯಂಥ ಪಾದ, ಕೊಡಲೇ ಅಂತ ಫ್ಯಾಬ್ರಿಕೇಟರ್ ಕೇಳಿದ್ದರು, ಬೇಡ ಅಂದೆ. ದಪ್ಪ ಕಾರ್ಪೆಟ್ ಇರುವ ದೇಶಗಳಲ್ಲಿ ಅದನ್ನು ಚುಚ್ಚಿಕೊಂಡು ಗಟ್ಟಿ ನೆಲ ಹಿಡಿಯಲು ಸ್ಪೈಕ್ ಬೇಕು. ನಮ್ಮ ಟೈಲ್ಸ್ ಮೇಲೆ ಅದು ಜಾರುತ್ತದೆ, ಗೀರು ಹಾಕುತ್ತದೆ. ಗೆಳೆಯನ ಸ್ಟ್ಯಾಂಡಿಗೆ ಸ್ಪೈಕ್ ಇತ್ತು. ಎರಡು ರೂಪಾಯಿ ನಾಣ್ಯ ಕೆಳಗಿಟ್ಟು ಕಾಪಾಡಿಕೊಂಡಿದ್ದೆ, ಪ್ರತಿ ಸಲ ಕಸ ಗುಡಿಸುವಾಗ ಒಂದು ನಾಣ್ಯ ಜಾಗ ಬಿಡುತ್ತಿತ್ತು. ಈಗ ಕಲ್ಲಿನ ನಾಲ್ಕು ಮೂಲೆಗೆ ಒಂದು ಸೆಂಟಿಮೀಟರ್ ದಪ್ಪದ ರಬ್ಬರ್ ಬುಷ್ ಇದೆ. ಸ್ಪೀಕರ್ ಮತ್ತು ಮೇಲಿನ ಪ್ಲೇಟಿನ ನಡುವೆ ನಾಲ್ಕು ಕಡೆ ಬ್ಲೂ ಟ್ಯಾಕ್ ಅನ್ನುವ ಅಂಟುಮುದ್ದೆ, ಕಡಲೆಕಾಳಿನಷ್ಟು ಸಾಕು. ಬೇಸಿಗೆಯಲ್ಲಿ ಅದು ಮೆತ್ತಗಾಗಿ ಸ್ಪೀಕರಿನ ವಿನೀರಿಗೆ ಕಚ್ಚಿಕೊಳ್ಳುತ್ತದೆ. ಸ್ಪೀಕರ್ ಎತ್ತುವಾಗ ನೇರ ಮೇಲಕ್ಕೆ ಎಳೆಯದೆ ನಿಧಾನ ತಿರುಗಿಸಿ ಬಿಡಿಸಿ.